ಬಾಲ್ಯದ ಮಯಸ್ತೇನಿಯಾದಲ್ಲಿ ಥೈಮಸ್ ತೆಗೆಯುವ ಶಸ್ತ್ರಚಿಕಿತ್ಸೆ: ಯಾವ ಮಗುವಿಗೆ, ಯಾವಾಗ?

ಒಬ್ಬ ತಾಯಿ (ಚರ್ಚೆ ಆರಂಭಿಸಿದವರು)

ನಮ್ಮ ಮಗಳಿಗೆ ಈಗ 13 ವರ್ಷ. ಮೊದಮೊದಲು ಸಂಜೆಯಾಗುತ್ತಿದ್ದಂತೆ ರೆಪ್ಪೆ ಜೋಲುತ್ತಿತ್ತು. ಆಮೇಲೆ ಊಟದ ನಡುವೆ ಅಗಿಯಲು ಆಯಾಸ, ಮೆಟ್ಟಿಲು ಹತ್ತುವಾಗ ಕಾಲು ಸೋಲುವುದು, ತಲೆ ಬಾಚಿಕೊಳ್ಳಲು ಎತ್ತಿದ ಕೈ ಅರ್ಧದಲ್ಲೇ ಇಳಿಯುವುದು ಶುರುವಾಯಿತು. ಅಸಿಟೈಲ್‌ಕೋಲಿನ್ ಗ್ರಾಹಕದ ವಿರುದ್ಧದ ಪ್ರತಿಕಾಯಗಳು ರಕ್ತದಲ್ಲಿ ಸ್ಪಷ್ಟವಾಗಿ ಕಂಡುಬಂದು, ಬಾಲ್ಯದ ಮಯಸ್ತೇನಿಯಾ ಗ್ರೇವಿಸ್ (ಬಳಸಿದಷ್ಟೂ ಸ್ನಾಯುಗಳು ಸೋಲುವ ರೋಗ) ಎಂದು ನಿರ್ಧಾರವಾಯಿತು. ಪಿರಿಡೋಸ್ಟಿಗ್ಮಿನ್ ಮಾತ್ರೆಯಿಂದ ಸ್ವಲ್ಪ, ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್‌ನಿಂದ ಬಹಳಷ್ಟು ಗುಣ ಕಂಡಿತು. ಆದರೆ ಸ್ಟೀರಾಯ್ಡ್ ಪ್ರಮಾಣ ಇಳಿಸಿದಾಗಲೆಲ್ಲ ನಿಶ್ಶಕ್ತಿ ಮರಳುತ್ತದೆ; ಇಳಿಸದಿದ್ದರೆ ಮುಖ ಊದುವುದು, ತೂಕ ಏರುವುದು, ಎತ್ತರ ನಿಂತುಹೋಗುವುದು ಕಣ್ಣೆದುರೇ ನಡೆಯುತ್ತಿದೆ.

ಈಗ ಚಿಕಿತ್ಸೆ ನೀಡುತ್ತಿರುವ ವೈದ್ಯರು ಥೈಮಸ್ ಗ್ರಂಥಿಯನ್ನು ಪೂರ್ತಿಯಾಗಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಸೂಚಿಸಿದ್ದಾರೆ. ಎದೆಯ ಸ್ಕ್ಯಾನಿನಲ್ಲಿ ಗೆಡ್ಡೆ ಇಲ್ಲ ಎಂದೂ ಅವರೇ ಹೇಳಿದ್ದಾರೆ. ಗೆಡ್ಡೆಯೇ ಇಲ್ಲದಿರುವಾಗ ಗ್ರಂಥಿಯನ್ನು ಯಾಕೆ ತೆಗೆಯಬೇಕು, ಬೆಳೆಯುವ ಮಗುವಿಗೆ ರೋಗನಿರೋಧಕ ಶಕ್ತಿ ಕೊಡುವ ಅಂಗವನ್ನು ಕಳೆದುಕೊಂಡರೆ ಮುಂದೇನು, ಇನ್ನೂ ಕೆಲವು ವರ್ಷ ಕಾದರೆ ತಾನಾಗಿ ವಾಸಿಯಾಗಬಹುದೇ ಎಂಬ ಮೂರು ಪ್ರಶ್ನೆಗಳು ನಮ್ಮನ್ನು ಕಾಡುತ್ತಿವೆ. ತಿಳಿದವರು ವಿವರವಾಗಿಯೇ ಬರೆಯಬೇಕೆಂದು ಕೋರುತ್ತೇನೆ.

ಮಕ್ಕಳ ನರರೋಗ ವೈದ್ಯೆ

ಅಮ್ಮಾ, ನಿಮ್ಮ ಮಗಳನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ಮಾಡಿಸಿ ಅಥವಾ ಬೇಡ ಎಂದು ಹೇಳುವುದು ಸರಿಯಲ್ಲ. ಆದರೆ ಆ ಸಲಹೆ ಯಾವ ತರ್ಕದಿಂದ ಬಂದಿದೆ ಎಂಬುದನ್ನು ವಿವರಿಸಬಲ್ಲೆ.

ನರದ ತುದಿಯಿಂದ ಹೊರಬರುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕವು ಸ್ನಾಯುವಿನ ಮೇಲಿರುವ ಗ್ರಾಹಕಗಳಿಗೆ ಅಂಟಿದಾಗ ಸ್ನಾಯು ಸಂಕುಚಿಸುತ್ತದೆ. ಈ ರೋಗದಲ್ಲಿ ದೇಹವೇ ತಯಾರಿಸಿದ ಪ್ರತಿಕಾಯಗಳು ಆ ಗ್ರಾಹಕಗಳನ್ನು ಮುಚ್ಚುತ್ತವೆ, ಒಳಕ್ಕೆಳೆದು ಕರಗಿಸುತ್ತವೆ, ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಸರಣಿಯನ್ನು ಕೆರಳಿಸಿ ಸ್ನಾಯುವಿನ ಪೊರೆಯನ್ನೇ ಹಾಳುಗೆಡವುತ್ತವೆ. ಥೈಮಸ್‌ನ ಪಾತ್ರ ಬರುವುದು ಇದಕ್ಕೂ ಹಿಂದಿನ ಹಂತದಲ್ಲಿ. ಆ ಗ್ರಂಥಿಯೊಳಗೆ ಸ್ನಾಯುವನ್ನು ಹೋಲುವ ಕೆಲವು ಕೋಶಗಳಿದ್ದು, ಅವುಗಳ ಮೇಲೆ ಇದೇ ಗ್ರಾಹಕವಿರುತ್ತದೆ. ಗ್ರಾಹಕದ ವಿರುದ್ಧ ಪ್ರತಿಕಾಯವಿರುವ ಅನೇಕ ರೋಗಿಗಳ ಥೈಮಸ್‌ನಲ್ಲಿ, ಸಾಮಾನ್ಯವಾಗಿ ದುಗ್ಧಗ್ರಂಥಿಗಳಲ್ಲಿ ಮಾತ್ರ ಕಾಣುವಂತಹ ಬಿ ಕೋಶಗಳ ಗುಂಪುಗಳು ಬೆಳೆದು, ಅಲ್ಲಿಯೇ ಪ್ರತಿಕಾಯ ತಯಾರಾಗುವುದು ಕಂಡುಬಂದಿದೆ. ಹೀಗಾಗಿ ಗೆಡ್ಡೆಯಿಲ್ಲದಿದ್ದರೂ ಗ್ರಂಥಿಯನ್ನು ತೆಗೆಯುವುದಕ್ಕೆ ಕಾರಣವಿದೆ. ಥೈಮೋಮಾ ಎಂಬ ಗೆಡ್ಡೆ ಮಕ್ಕಳಲ್ಲಿ ಬಹು ವಿರಳ. ಇದ್ದರೆ ಮಾತ್ರ ಪ್ರತಿಕಾಯ, ವಯಸ್ಸು ಯಾವುದನ್ನೂ ಲೆಕ್ಕಿಸದೆ ಅದನ್ನು ತೆಗೆಯಲೇಬೇಕು. ಆದ್ದರಿಂದಲೇ ಎಲ್ಲ ಮಕ್ಕಳಿಗೂ ಎದೆಯ ಸ್ಕ್ಯಾನ್ ಮಾಡಿಸುತ್ತೇವೆ. ಮಕ್ಕಳ ಥೈಮಸ್ ಸಹಜವಾಗಿಯೇ ದೊಡ್ಡದಾಗಿರುವುದರಿಂದ, ಸ್ಕ್ಯಾನಿನಲ್ಲಿ ಗ್ರಂಥಿ ದೊಡ್ಡದಾಗಿ ಕಂಡಿತು ಎಂಬುದನ್ನೇ ಶಸ್ತ್ರಚಿಕಿತ್ಸೆಗೆ ಕಾರಣವಾಗಿ ಒಡ್ಡುವಂತಿಲ್ಲ.

ತಾನಾಗಿ ವಾಸಿಯಾಗುವ ಸಾಧ್ಯತೆಯ ಬಗ್ಗೆ: ಪ್ರಾಯಕ್ಕೆ ಬರುವ ಮುನ್ನ ಆರಂಭವಾದ ರೋಗದಲ್ಲಿ, ಅದರಲ್ಲೂ ಕಣ್ಣಿಗೆ ಮಾತ್ರ ಸೀಮಿತವಾಗಿದ್ದರೆ, ಆ ಸಾಧ್ಯತೆ ಗಣನೀಯವಾಗಿದೆ. ಪ್ರಾಯಕ್ಕೆ ಬಂದ ಮೇಲೆ ಆರಂಭವಾಗಿ ದೇಹದ ತುಂಬ ಹರಡಿದ, ಪ್ರತಿಕಾಯವಿರುವ ರೋಗವು ದೊಡ್ಡವರ ರೋಗದಂತೆಯೇ ವರ್ತಿಸುತ್ತದೆ. ನಿಮ್ಮ ಮಗಳ ಪರಿಸ್ಥಿತಿ ಎರಡನೆಯದಕ್ಕೆ ಹತ್ತಿರವಿರುವಂತೆ ತೋರುತ್ತದೆ. 2016ರ ಅಂತರರಾಷ್ಟ್ರೀಯ ಸಹಮತದ ಮಾರ್ಗಸೂಚಿಯೂ ಇಂತಹ ಮಕ್ಕಳಲ್ಲಿ, ಔಷಧಗಳಿಂದ ತೃಪ್ತಿಕರ ಫಲ ಸಿಗದಿದ್ದಾಗ ಅಥವಾ ಅವುಗಳ ದುಷ್ಪರಿಣಾಮವನ್ನು ತಪ್ಪಿಸಬೇಕಿದ್ದಾಗ, ಈ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದು ಎಂದೇ ಹೇಳುತ್ತದೆ.

ಒಬ್ಬ ತಂದೆ

ಡಾಕ್ಟರೇ, ಇದೇ ಎಳೆಯಲ್ಲಿ ನಮ್ಮ ಪ್ರಶ್ನೆಯನ್ನೂ ಸೇರಿಸುತ್ತಿದ್ದೇನೆ. ನಮ್ಮ ಮಗನಿಗೆ ನಾಲ್ಕು ವರ್ಷ. ಎರಡೂ ರೆಪ್ಪೆಗಳು ಹುಟ್ಟಿದ ಕೆಲವು ತಿಂಗಳಿಂದಲೇ ಜೋಲುತ್ತಿವೆ. ಓಡಿದರೆ ಬೇಗ ದಣಿಯುತ್ತಾನೆ. ಪ್ರತಿಕಾಯ ಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಆದರೂ ನರದ ವಿದ್ಯುತ್ ಪರೀಕ್ಷೆಯಲ್ಲಿ ಮಯಸ್ತೇನಿಯಾದ ಲಕ್ಷಣವಿದೆ ಎಂದು ಒಂದು ಕಡೆ ಥೈಮಸ್ ತೆಗೆಸಲು ಹೇಳಿದ್ದಾರೆ. ಮೇಲಿನ ವಿವರಣೆ ಓದಿದ ಮೇಲೆ, ಪ್ರತಿಕಾಯವೇ ಇಲ್ಲದವನಿಗೆ ಇದು ಹೇಗೆ ಅನ್ವಯಿಸುತ್ತದೆ ಎಂಬ ಗೊಂದಲ ಹುಟ್ಟಿದೆ.

ಮಕ್ಕಳ ನರರೋಗ ವೈದ್ಯೆ

ಸರ್, ನಿಮ್ಮ ಗೊಂದಲ ಸರಿಯಾದ ಜಾಗದಲ್ಲಿಯೇ ಹುಟ್ಟಿದೆ, ಮತ್ತು ಈ ಇಡೀ ಚರ್ಚೆಯಲ್ಲಿ ನಾನು ಅತ್ಯಂತ ಒತ್ತಿ ಹೇಳಬಯಸುವ ಮಾತೂ ಇದೇ. ಶಸ್ತ್ರಚಿಕಿತ್ಸೆ ಹೇಗೆ ನಡೆಯುತ್ತದೆ ಎಂಬುದಕ್ಕಿಂತ ಮೊದಲು, ಅದು ಈ ಮಗುವಿನ ರೋಗಕ್ಕೆ ಸಂಬಂಧಪಟ್ಟಿದೆಯೇ ಎಂಬುದು ಇತ್ಯರ್ಥವಾಗಬೇಕು.

ಹುಟ್ಟಿನ ಹತ್ತಿರದಿಂದಲೇ ಲಕ್ಷಣವಿದ್ದು, ಪ್ರತಿಕಾಯ ಸಿಗದ ಮಗುವಿನಲ್ಲಿ ಜನ್ಮಜಾತ ಮಯಸ್ತೇನಿಯಾ ಸಿಂಡ್ರೋಮ್‌ಗಳನ್ನು ಮೊದಲು ಶಂಕಿಸಬೇಕು. ಇವು ಸ್ವದೇಹದ ವಿರುದ್ಧ ತಿರುಗಿದ ರೋಗನಿರೋಧಕ ವ್ಯವಸ್ಥೆಯಿಂದ ಬರುವ ರೋಗಗಳಲ್ಲ. ನರ ಮತ್ತು ಸ್ನಾಯು ಕೂಡುವ ಜಾಗದ ಪ್ರೋಟೀನುಗಳನ್ನು ರೂಪಿಸುವ ಜೀನ್‌ಗಳ ದೋಷದಿಂದ ಬರುವಂಥವು. ಇಂತಹ 30ಕ್ಕೂ ಹೆಚ್ಚು ಜೀನ್‌ಗಳು ಗೊತ್ತಾಗಿವೆ. ವಿದ್ಯುತ್ ಪರೀಕ್ಷೆಯಲ್ಲಿ ನರವನ್ನು ಮತ್ತೆ ಮತ್ತೆ ಪ್ರಚೋದಿಸಿದಾಗ ಸ್ನಾಯುವಿನ ಪ್ರತಿಕ್ರಿಯೆ ಕುಗ್ಗುವುದು ಎರಡೂ ಬಗೆಯಲ್ಲಿ ಕಾಣುವುದರಿಂದ, ಆ ಪರೀಕ್ಷೆ ಇವೆರಡನ್ನು ಬೇರ್ಪಡಿಸುವುದಿಲ್ಲ. ಜೀನ್ ದೋಷದ ಮಗುವಿಗೆ ಥೈಮಸ್ ತೆಗೆದರೆ ಎಳ್ಳಷ್ಟೂ ಪ್ರಯೋಜನವಿಲ್ಲ; ಸ್ಟೀರಾಯ್ಡ್, ಐವಿಐಜಿ (ದಾನಿಗಳ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳನ್ನು ರಕ್ತನಾಳದ ಮೂಲಕ ಕೊಡುವ ಚಿಕಿತ್ಸೆ) ಇವುಗಳಿಂದಲೂ ಇಲ್ಲ. ಡಿಒಕೆ7, ಸಿಒಎಲ್‌ಕ್ಯೂ ಎಂಬ ಜೀನ್‌ಗಳ ದೋಷದಲ್ಲಿ ಪಿರಿಡೋಸ್ಟಿಗ್ಮಿನ್ ಕೂಡ ನಿಶ್ಶಕ್ತಿಯನ್ನು ಹೆಚ್ಚಿಸಬಹುದು, ಆದರೆ ಆಸ್ತಮಾಕ್ಕೆ ಬಳಸುವ ಸಾಲ್ಬ್ಯುಟಮಾಲ್ ಔಷಧವು ಅವೇ ಮಕ್ಕಳಿಗೆ ಚೆನ್ನಾಗಿ ಹಿಡಿಸುತ್ತದೆ. ಜೀನ್ ಪರೀಕ್ಷೆಯ ಫಲಿತಾಂಶ ಬಂದರೆ ಚಿಕಿತ್ಸೆಯ ದಿಕ್ಕೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇನ್ನೊಂದು ಕಡೆ, ಪ್ರತಿಕಾಯ ಸಿಗಲಿಲ್ಲ ಎಂದ ಮಾತ್ರಕ್ಕೆ ಇಲ್ಲವೆಂದೂ ಅಲ್ಲ. ಚಿಕ್ಕ ಮಕ್ಕಳಲ್ಲಿ ಮೊದಲ ಪರೀಕ್ಷೆಯಲ್ಲಿ ಕಾಣದೆ ಕೆಲವು ತಿಂಗಳ ನಂತರ ಕಾಣಿಸಿಕೊಳ್ಳಬಹುದು. ಜೀವಂತ ಕೋಶಗಳ ಮೇಲೆ ಗ್ರಾಹಕಗಳನ್ನು ಒತ್ತೊತ್ತಾಗಿ ಕೂರಿಸಿ ಮಾಡುವ ಪರೀಕ್ಷೆಯು ಹಳೆಯ ವಿಧಾನಕ್ಕೆ ಸಿಗದ ಪ್ರತಿಕಾಯಗಳನ್ನೂ ಹಿಡಿಯುತ್ತದೆ. ಮಸ್ಕ್ ಎಂಬ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನೂ ನೋಡಿಸಬೇಕು. ಅದು ಸಿಕ್ಕಿದರೆ ರೋಗ ಸ್ವಯಂನಿರೋಧಕ ಬಗೆಯದೇ ಆದರೂ ಥೈಮಸ್ ಬಹುತೇಕ ಸಹಜವಾಗಿರುವುದರಿಂದ ಶಸ್ತ್ರಚಿಕಿತ್ಸೆಯನ್ನು ಸೂಚಿಸುವುದಿಲ್ಲ. ಹಾಗಾಗಿ ನಿಮ್ಮ ಮಗನ ವಿಷಯದಲ್ಲಿ ಈ ಪರೀಕ್ಷೆಗಳ ಫಲಿತಾಂಶ ಕೈಗೆ ಬರುವ ಮೊದಲು ದಿನಾಂಕ ನಿಗದಿಪಡಿಸಿಕೊಳ್ಳಬೇಡಿ. ಜೋತ ರೆಪ್ಪೆ ಕಣ್ಣಿನ ಪಾಪೆಯನ್ನು ಮುಚ್ಚುತ್ತಿದ್ದರೆ ಆ ಕಣ್ಣಿನ ದೃಷ್ಟಿ ಬೆಳೆಯದೆ ಉಳಿಯುವ ಅಪಾಯವಿದೆ. ಆದ್ದರಿಂದ ಮಕ್ಕಳ ಕಣ್ಣಿನ ವೈದ್ಯರಿಗೆ ತೋರಿಸುವುದನ್ನು ಮಾತ್ರ ಮುಂದೂಡಬೇಡಿ.

ಎದೆಯ ಶಸ್ತ್ರಚಿಕಿತ್ಸಕ

ನರರೋಗ ವೈದ್ಯೆಯವರು ಹೇಳಿದ ಆಯ್ಕೆಯ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯಿದೆ. ಶಸ್ತ್ರಚಿಕಿತ್ಸೆಯ ಬಗ್ಗೆ ಬರೆಯುವ ಮುನ್ನ ಅದರ ಹಿನ್ನೆಲೆಯನ್ನು ಸ್ವಲ್ಪ ಹೇಳುತ್ತೇನೆ, ಏಕೆಂದರೆ ಥೈಮಸ್‌ನ ಕೆಲಸವೇನೆಂದು ಯಾರಿಗೂ ತಿಳಿಯದ ಕಾಲದಲ್ಲಿಯೇ ಅದನ್ನು ತೆಗೆದರೆ ಗುಣವಾಗುತ್ತದೆ ಎಂಬುದು ಗೊತ್ತಾಗಿತ್ತು. 1911ರಲ್ಲಿ ಜ್ಯೂರಿಕ್‌ನಲ್ಲಿ ಫರ್ಡಿನಾಂಡ್ ಸಾವರ್‌ಬ್ರುಖ್ ಅವರು ಥೈರಾಯ್ಡ್ ತೊಂದರೆಯೂ ಮಯಸ್ತೇನಿಯಾವೂ ಇದ್ದ ರೋಗಿಯ ಥೈಮಸ್ ತೆಗೆದಾಗ ನಿಶ್ಶಕ್ತಿ ತಗ್ಗಿತು. 1936ರಲ್ಲಿ ಅಮೆರಿಕದ ಆಲ್ಫ್ರೆಡ್ ಬ್ಲೇಲಾಕ್ ಅವರು ಯುವತಿಯೊಬ್ಬಳ ಥೈಮಸ್ ಗೆಡ್ಡೆಯನ್ನು ತೆಗೆದು ಸುಧಾರಣೆ ಕಂಡರು. 1940ರ ದಶಕದಲ್ಲಿ ಗೆಡ್ಡೆಯಿಲ್ಲದ ರೋಗಿಗಳಿಗೂ ಅದನ್ನು ವಿಸ್ತರಿಸಿದರು. ಥೈಮಸ್ ರೋಗನಿರೋಧಕ ವ್ಯವಸ್ಥೆಯ ಅಂಗವೆಂಬುದನ್ನು ಜಾಕ್ ಮಿಲ್ಲರ್ ಇಲಿಮರಿಗಳಲ್ಲಿ ತೋರಿಸಿದ್ದು 1961ರಲ್ಲಿ. ಗ್ರಾಹಕದ ಚುಚ್ಚುಮದ್ದಿನಿಂದ ಮೊಲಗಳಲ್ಲಿ ಇದೇ ರೋಗ ಬರುತ್ತದೆಂದು ಪ್ಯಾಟ್ರಿಕ್ ಮತ್ತು ಲಿಂಡ್‌ಸ್ಟ್ರಾಮ್ ತೋರಿಸಿದ್ದು 1973ರಲ್ಲಿ.

ಗ್ರಂಥಿಯು ಎದೆಮೂಳೆಯ ಹಿಂದೆ, ಹೃದಯದ ಮುಂಭಾಗದಲ್ಲಿ ಕುಳಿತಿರುತ್ತದೆ. ಗ್ರಂಥಿಯೊಂದನ್ನೇ ತೆಗೆದರೆ ಸಾಲದು. ಕತ್ತಿನ ಬುಡದಿಂದ ವಪೆಯವರೆಗಿನ (ಎದೆ ಮತ್ತು ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಕೊಬ್ಬಿನಲ್ಲಿ ಥೈಮಸ್‌ನ ತುಣುಕುಗಳು ಚದುರಿರುವುದರಿಂದ, ಆ ಕೊಬ್ಬನ್ನೂ ಒಟ್ಟಿಗೆ ತೆಗೆಯುತ್ತೇವೆ. ಈ ಕ್ಷೇತ್ರದ ಎಡಬಲದ ಗಡಿಗಳು ವಪೆಗೆ ಹೋಗುವ ಎರಡು ನರಗಳು. ಉಸಿರಾಟದ ಸ್ನಾಯು ಮೊದಲೇ ದುರ್ಬಲವಾಗಿರುವ ಮಗುವಿನಲ್ಲಿ ಅವುಗಳಲ್ಲಿ ಒಂದಕ್ಕೆ ಪೆಟ್ಟಾದರೂ ವೆಂಟಿಲೇಟರ್‌ನಿಂದ ಹೊರಬರುವುದು ಕಷ್ಟವಾದೀತು. ಆದ್ದರಿಂದ ಕೊಬ್ಬಿನ ಕೊನೆಯ ಚೂರಿಗಾಗಿ ನರದ ಮೇಲೆ ಕೈಹಾಕುವುದು ವಿವೇಕವಲ್ಲ.

ಎದೆಮೂಳೆಯನ್ನು ಸೀಳಿ ಮಾಡುವ ಹಳೆಯ ವಿಧಾನದಲ್ಲಿ ಎಲ್ಲವೂ ಕಣ್ಣೆದುರು ತೆರೆದಿರುತ್ತದೆ, ಆದರೆ ನೋವು ಹೆಚ್ಚು, ಗಾಯದ ಗುರುತು ಉದ್ದ, ನೋವಿನಿಂದ ಮಗು ಆಳವಾಗಿ ಉಸಿರೆಳೆಯದಿರುವುದರಿಂದ ಕಫ ಕಟ್ಟುವ ಸಂಭವವೂ ಇದೆ. ಪಕ್ಕೆಲುಬುಗಳ ನಡುವೆ ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಮತ್ತು ಉಪಕರಣಗಳನ್ನು ತೂರಿಸುವ ಥೊರಾಕೋಸ್ಕೋಪಿ ವಿಧಾನದಲ್ಲಿ ಚೇತರಿಕೆ ಬೇಗ. ರೋಬಾಟಿಕ್ ವಿಧಾನ ಅದರದೇ ಮುಂದುವರಿಕೆ. ಉಪಕರಣದ ತುದಿ ಮಣಿಕಟ್ಟಿನಂತೆ ತಿರುಗುವುದು ಅದರ ಅನುಕೂಲ. ಆದರೆ ಆ ಉಪಕರಣಗಳು ಸಾಮಾನ್ಯವಾಗಿ 8 ಮಿಲಿಮೀಟರ್ ದಪ್ಪ, ಚಿಕ್ಕ ಮಗುವಿನ ಪಕ್ಕೆಲುಬುಗಳ ನಡುವೆ ಅಷ್ಟು ಜಾಗವೇ ಇರುವುದಿಲ್ಲ. ಅಂಥಲ್ಲಿ 3 ಅಥವಾ 5 ಮಿಲಿಮೀಟರಿನ ಥೊರಾಕೋಸ್ಕೋಪಿ ಉಪಕರಣಗಳೇ ಉತ್ತಮ. ಎಡಗಡೆಯ ದೊಡ್ಡ ಅಭಿಧಮನಿಯು ಗ್ರಂಥಿಯ ಬೆನ್ನಿಗೇ ಹಾದುಹೋಗುತ್ತದೆ. ಅಲ್ಲಿ ರಕ್ತಸ್ರಾವವಾದರೆ ತಕ್ಷಣ ಎದೆ ತೆರೆಯುವ ಸಿದ್ಧತೆ ಇರಲೇಬೇಕು. ಯಾವ ಯಂತ್ರವಿದೆ ಎಂದು ವಿಚಾರಿಸುವ ಪೋಷಕರು, ಈ ಸಿದ್ಧತೆ ಇದೆಯೇ ಮತ್ತು ಮಕ್ಕಳ ತೀವ್ರ ನಿಗಾ ಘಟಕ ಅದೇ ಕಟ್ಟಡದಲ್ಲಿದೆಯೇ ಎಂದು ವಿಚಾರಿಸುವುದು ಅಪರೂಪ. ನನ್ನ ದೃಷ್ಟಿಯಲ್ಲಿ ಎರಡನೆಯ ಪ್ರಶ್ನೆಯೇ ಹೆಚ್ಚು ತೂಕದ್ದು.

ಕೊನೆಗೆ ನನ್ನ ಅಭಿಪ್ರಾಯ: ಪ್ರತಿಕಾಯವಿದ್ದು ರೋಗ ಹರಡಿದ ಹದಿಹರೆಯದವರಲ್ಲಿ ಔಷಧಗಳ ಮೇಲೆ ವರ್ಷಗಟ್ಟಲೆ ಔಷಧ ಪೇರಿಸಿ, ಸ್ಟೀರಾಯ್ಡ್‌ನಿಂದ ಮೂಳೆ ಸವೆದ ಮೇಲೆ ನಮ್ಮ ಬಳಿಗೆ ಕಳುಹಿಸುವ ರೂಢಿ ಸರಿಯಲ್ಲ. ಮೊದಲ ಒಂದೆರಡು ವರ್ಷಗಳಲ್ಲಿಯೇ ಮಾಡಿದರೆ ಫಲ ಹೆಚ್ಚೆಂದು ಬಹಳಷ್ಟು ಶಸ್ತ್ರಚಿಕಿತ್ಸಕರು ನಂಬುತ್ತಾರೆ.

ವೈದ್ಯಕೀಯ ಸ್ನಾತಕೋತ್ತರ ವಿದ್ಯಾರ್ಥಿ

ಸರ್, ನಂಬುತ್ತಾರೆ ಎಂಬ ತಮ್ಮ ಪದದ ಮೇಲೆಯೇ ನನ್ನ ಪ್ರಶ್ನೆಯಿದೆ. ಈ ಶಸ್ತ್ರಚಿಕಿತ್ಸೆಗೆ ಇರುವ ಅತ್ಯಂತ ಗಟ್ಟಿ ಆಧಾರ 2016ರಲ್ಲಿ ಪ್ರಕಟವಾದ ಎಂಜಿಟಿಎಕ್ಸ್ ಎಂಬ ಅಧ್ಯಯನ. ಅದರಲ್ಲಿ 126 ರೋಗಿಗಳನ್ನು ಯಾದೃಚ್ಛಿಕವಾಗಿ ಎರಡು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಮಾತ್ರ, ಇನ್ನೊಂದಕ್ಕೆ ಅದರೊಂದಿಗೆ ಎದೆಮೂಳೆ ಸೀಳಿ ಥೈಮಸ್ ತೆಗೆಯುವ ಶಸ್ತ್ರಚಿಕಿತ್ಸೆಯನ್ನೂ ನೀಡಿ ಮೂರು ವರ್ಷ ಗಮನಿಸಿದರು. ನಿಶ್ಶಕ್ತಿಯ ಸರಾಸರಿ ಅಂಕ (ಕಡಿಮೆಯಿದ್ದಷ್ಟೂ ಒಳ್ಳೆಯದು) ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ 6.15, ಇನ್ನೊಂದರಲ್ಲಿ 8.99 ಇತ್ತು, ದಿನ ಬಿಟ್ಟು ದಿನ ಬೇಕಾದ ಪ್ರೆಡ್ನಿಸೋನ್ ಸರಾಸರಿ 44 ಮಿಲಿಗ್ರಾಂ ಮತ್ತು 60 ಮಿಲಿಗ್ರಾಂ. ಲಾಭ ನಿಸ್ಸಂದೇಹ. ಆದರೆ ಆ ಅಧ್ಯಯನಕ್ಕೆ ಸೇರಿಸಿಕೊಂಡದ್ದು 18ರಿಂದ 65 ವರ್ಷದವರನ್ನು ಮಾತ್ರ. ಮಕ್ಕಳಲ್ಲಿ ಇಂತಹ ಯಾದೃಚ್ಛಿಕ ಅಧ್ಯಯನ ನಡೆದೇ ಇಲ್ಲ. ಇರುವುದೆಲ್ಲ ಆಯಾ ಆಸ್ಪತ್ರೆಗಳು ತಮ್ಮ ಹಳೆಯ ಕಡತಗಳನ್ನು ತಿರುವಿ ಬರೆದ ವರದಿಗಳು. ತಾನಾಗಿಯೇ ವಾಸಿಯಾಗುವ ರೋಗದಲ್ಲಿ, ಹೋಲಿಕೆಯ ಗುಂಪಿಲ್ಲದ ವರದಿಯಿಂದ ಶಸ್ತ್ರಚಿಕಿತ್ಸೆಯ ಪಾಲೆಷ್ಟು, ಕಾಲದ ಪಾಲೆಷ್ಟು ಎಂದು ಬೇರ್ಪಡಿಸುವುದು ಹೇಗೆ?

ರೋಗನಿರೋಧಕ ಶಕ್ತಿಯ ಪ್ರಶ್ನೆಯನ್ನು ಇನ್ನೂ ಯಾರೂ ಮುಟ್ಟಿಲ್ಲ. 2023ರಲ್ಲಿ ಬೋಸ್ಟನ್‌ನಿಂದ ಬಂದ ಅಧ್ಯಯನವೊಂದರಲ್ಲಿ, ಎದೆಯ ಶಸ್ತ್ರಚಿಕಿತ್ಸೆಯ ವೇಳೆ ಥೈಮಸ್ ಕಳೆದುಕೊಂಡ ವಯಸ್ಕರಲ್ಲಿ ಐದು ವರ್ಷಗಳಲ್ಲಿ ಸಾವಿನ ಪ್ರಮಾಣ ಶೇ. 8.1 ಇದ್ದರೆ, ಥೈಮಸ್ ಉಳಿದವರಲ್ಲಿ ಶೇ. 2.8 ಇತ್ತು. ಕ್ಯಾನ್ಸರ್ ಪ್ರಮಾಣವೂ ಸುಮಾರು ಇಮ್ಮಡಿಯಾಗಿತ್ತು. ತಾಯಿಯವರ ಆತಂಕವನ್ನು ತಳ್ಳಿಹಾಕುವಂತಿಲ್ಲ.

ಮಕ್ಕಳ ನರರೋಗ ವೈದ್ಯೆ

ಆಧಾರದ ಮಿತಿಯ ಬಗ್ಗೆ ನೀವು ಹೇಳಿದ್ದು ಸರಿ. ಅದೇ ಕಾರಣಕ್ಕೆ ನಾನು ಶಸ್ತ್ರಚಿಕಿತ್ಸಕರಷ್ಟು ಅವಸರಪಡುವುದಿಲ್ಲ. ಕಣ್ಣಿಗೆ ಸೀಮಿತವಾದ ರೋಗದ ಚಿಕ್ಕ ಮಕ್ಕಳಲ್ಲಿ ಕಾಯುವುದೇ ನನ್ನ ಪದ್ಧತಿ. ಆದರೆ ಪ್ರಾಯಕ್ಕೆ ಬಂದ, ಪ್ರತಿಕಾಯವಿರುವ, ಸ್ಟೀರಾಯ್ಡ್ ಇಳಿಸಲಾಗದ ಮಗುವಿನಲ್ಲಿ 18 ತುಂಬುವವರೆಗೆ ಕಾಯುವುದಕ್ಕೆ ಜೀವಶಾಸ್ತ್ರದ ಯಾವ ಸಮರ್ಥನೆಯೂ ಇಲ್ಲ; 17 ವರ್ಷದ ಥೈಮಸ್‌ಗೂ 19 ವರ್ಷದ ಥೈಮಸ್‌ಗೂ ಈ ರೋಗದಲ್ಲಿ ಅಂತಹ ವ್ಯತ್ಯಾಸವಿಲ್ಲ. ಅಧ್ಯಯನಕ್ಕೆ ಮಕ್ಕಳನ್ನು ಸೇರಿಸಿಕೊಳ್ಳಲಿಲ್ಲ ಎಂಬುದು ಮಕ್ಕಳಿಗೆ ಫಲವಿಲ್ಲ ಎಂಬುದಕ್ಕೆ ಪುರಾವೆಯಾಗದು.

2023ರ ಅಧ್ಯಯನವನ್ನು ಓದುವಾಗ ಎಚ್ಚರ ಬೇಕು. ಅವರು ವಯಸ್ಕರು, ಬಹುಪಾಲು ಬೇರೆ ಬೇರೆ ಕಾಯಿಲೆಗಳಿಗಾಗಿ ಎದೆ ತೆರೆಸಿಕೊಂಡವರು. ಮಯಸ್ತೇನಿಯಾದ ಹದಿಹರೆಯದವರಿಗೆ ಆ ಅಂಕಿಯನ್ನು ನೇರವಾಗಿ ಅಂಟಿಸಲಾಗದು. ನಮಗೆ ಹತ್ತಿರದ ನಿದರ್ಶನವೆಂದರೆ ಹುಟ್ಟು ಹೃದಯದೋಷದ ಶಸ್ತ್ರಚಿಕಿತ್ಸೆಗೆ ದಾರಿ ಮಾಡಿಕೊಳ್ಳಲು ಎಳೆತನದಲ್ಲಿಯೇ ಥೈಮಸ್ ತೆಗೆಸಿಕೊಂಡ ಮಕ್ಕಳು. ಅವರಲ್ಲಿ ಹೊಸ ಟಿ ಕೋಶಗಳ (ಥೈಮಸ್‌ನಲ್ಲಿ ಬಲಿಯುವ ರೋಗನಿರೋಧಕ ಬಿಳಿ ರಕ್ತಕಣಗಳು) ಸಂಖ್ಯೆ ಕುಗ್ಗಿ, ರೋಗನಿರೋಧಕ ವ್ಯವಸ್ಥೆಗೆ ಅಕಾಲದ ಮುಪ್ಪು ಬಂದಂತಹ ಚಿಹ್ನೆಗಳು ಕಾಣುತ್ತವೆ. ಟಿ ಕೋಶಗಳ ದಾಸ್ತಾನು ತುಂಬುವ ಕೆಲಸದ ದೊಡ್ಡ ಪಾಲು ಗರ್ಭದಲ್ಲಿ ಮತ್ತು ಬಾಲ್ಯದ ಮೊದಲ ವರ್ಷಗಳಲ್ಲಿ ನಡೆಯುತ್ತದೆ. ಪ್ರಾಯದ ಹೊತ್ತಿಗೆ ಗ್ರಂಥಿ ತೂಕದಲ್ಲಿ ಅತಿ ದೊಡ್ಡದಾಗಿ, ಬಳಿಕ ಕೊಬ್ಬಾಗಿ ಕರಗುತ್ತ ಹೋಗುತ್ತದೆ. ಆದ್ದರಿಂದಲೇ ಹಲವು ಕೇಂದ್ರಗಳು ಐದು ವರ್ಷದೊಳಗಿನ ಮಕ್ಕಳಲ್ಲಿ ಈ ಶಸ್ತ್ರಚಿಕಿತ್ಸೆಗೆ ಹಿಂಜರಿಯುತ್ತವೆ, ಹದಿಮೂರರಲ್ಲಿ ಅಷ್ಟು ಹಿಂಜರಿಯುವುದಿಲ್ಲ. ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇರುವುದು ಏನೂ ಮಾಡದಿರುವುದಲ್ಲ, ವರ್ಷಗಟ್ಟಲೆ ನುಂಗುವ ಸ್ಟೀರಾಯ್ಡ್, ಅಜಾಥಯೋಪ್ರಿನ್, ಮೈಕೋಫಿನೊಲೇಟ್‌ಗಳು. ಅವೂ ನಿರೋಧಕ ಶಕ್ತಿಯನ್ನು ತಗ್ಗಿಸುವಂಥವೇ.

ಒಬ್ಬ ಓದುಗ

ಹೊಸ ಔಷಧಗಳು ಬಂದಿವೆಯಲ್ಲ, ಇನ್ನೂ ಎದೆಗೆ ಕತ್ತರಿ ಹಾಕುವ ಅಗತ್ಯವೇನು?

ಮಕ್ಕಳ ನರರೋಗ ವೈದ್ಯೆ

ಬಂದಿರುವುದು ನಿಜ. 2025ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಎಕುಲಿಜುಮಾಬ್ ಅನ್ನು ಪ್ರತಿಕಾಯವಿರುವ ಆರು ವರ್ಷ ಮೇಲ್ಪಟ್ಟ ಮಕ್ಕಳಿಗೂ, ನಿಪೋಕಾಲಿಮಾಬ್ ಅನ್ನು 12 ವರ್ಷ ಮೇಲ್ಪಟ್ಟವರಿಗೂ ಅನುಮೋದಿಸಿತು. ಮೊದಲನೆಯದು ಕಾಂಪ್ಲಿಮೆಂಟ್ ಸರಣಿಯನ್ನು ತಡೆಯುತ್ತದೆ, ಎರಡನೆಯದು ರಕ್ತದಲ್ಲಿರುವ ಪ್ರತಿಕಾಯಗಳು ಬೇಗ ನಾಶವಾಗುವಂತೆ ಮಾಡುತ್ತದೆ. ಎರಡೂ ಬೇಗ ಕೆಲಸ ಮಾಡುತ್ತವೆ, ಆದರೆ ಪ್ರತಿಕಾಯದ ಮೂಲವನ್ನು ಮುಟ್ಟುವುದಿಲ್ಲ. ನಿಲ್ಲಿಸಿದರೆ ಪರಿಣಾಮವೂ ನಿಲ್ಲುತ್ತದೆ. ಎಕುಲಿಜುಮಾಬ್ ಪಡೆಯುವ ಮಗುವಿಗೆ ಮೆನಿಂಜೊಕಾಕಸ್ ಸೋಂಕಿನ ಅಪಾಯ ಹೆಚ್ಚುವುದರಿಂದ ಮೊದಲೇ ಲಸಿಕೆ ಹಾಕಿಸಬೇಕು. ಇವನ್ನು ಶಸ್ತ್ರಚಿಕಿತ್ಸೆಯ ಎದುರಾಳಿ ಎನ್ನುವುದಕ್ಕಿಂತ, ಅದಕ್ಕೆ ಸಿದ್ಧವಾಗುವವರೆಗೆ ಅಥವಾ ಅದರ ಫಲ ಬರುವವರೆಗೆ ಮಗುವನ್ನು ಸುರಕ್ಷಿತವಾಗಿಡುವ ಉಪಾಯ ಎಂದು ನೋಡುವುದು ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ಅರಿವಳಿಕೆ ತಜ್ಞೆ

ಶಸ್ತ್ರಚಿಕಿತ್ಸೆಯ ಅಪಾಯದ ದೊಡ್ಡ ಭಾಗ ಚಾಕುವಿನಲ್ಲಿಲ್ಲ, ಅದರ ಹಿಂದಿನ ಮತ್ತು ಮುಂದಿನ ದಿನಗಳಲ್ಲಿದೆ ಎಂಬುದನ್ನು ನಮ್ಮ ವಿಭಾಗದ ಪರವಾಗಿ ಸೇರಿಸಬೇಕು. ಥೈಮಸ್ ತೆಗೆಯುವುದು ಎಂದಿಗೂ ತುರ್ತು ಶಸ್ತ್ರಚಿಕಿತ್ಸೆಯಲ್ಲ. ನುಂಗಲು ಕಷ್ಟಪಡುತ್ತಿರುವ, ಮಾತು ಮೂಗಿನಿಂದ ಬರುತ್ತಿರುವ, ಒಂದೇ ಉಸಿರಿನಲ್ಲಿ ಇಪ್ಪತ್ತರವರೆಗೆ ಎಣಿಸಲಾಗದ ಮಗುವನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ಯಬಾರದು. ಮೊದಲು ಅವಳನ್ನು ಬಲಪಡಿಸಬೇಕು. ಅದಕ್ಕೆ ಸಾಮಾನ್ಯವಾಗಿ ಐವಿಐಜಿಯನ್ನು ಪ್ರತಿ ಕಿಲೋಗ್ರಾಂ ತೂಕಕ್ಕೆ ಒಟ್ಟು 2 ಗ್ರಾಂನಂತೆ ಎರಡರಿಂದ ಐದು ದಿನಗಳಲ್ಲಿ ಕೊಡುತ್ತಾರೆ, ಅಥವಾ ರಕ್ತದಿಂದ ಪ್ರತಿಕಾಯಗಳನ್ನು ಹೊರತೆಗೆಯುವ ಪ್ಲಾಸ್ಮಾ ವಿನಿಮಯ ಮಾಡುತ್ತಾರೆ. ಎರಡನೆಯದು ಬೇಗ ಫಲಿಸುತ್ತದೆ, ಆದರೆ ದಪ್ಪ ಕೊಳವೆಯನ್ನು ದೊಡ್ಡ ರಕ್ತನಾಳಕ್ಕೆ ಹಾಕಬೇಕಾದ್ದರಿಂದ ಚಿಕ್ಕ ಮಕ್ಕಳಲ್ಲಿ ಕಷ್ಟ. ಇವೆರಡರ ಫಲವೂ ಕೆಲವು ವಾರಗಳದು ಮಾತ್ರವಾದ್ದರಿಂದ, ಶಸ್ತ್ರಚಿಕಿತ್ಸೆಯ ದಿನ ಆ ಅವಧಿಯೊಳಗೆ ಬರುವಂತೆ ಯೋಜಿಸಬೇಕು. ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ಆರಂಭಿಸಿದ ಮೊದಲ ವಾರಗಳಲ್ಲಿ ನಿಶ್ಶಕ್ತಿ ತಾತ್ಕಾಲಿಕವಾಗಿ ಏರಬಹುದು. ಹಾಗಾಗಿ ಶಸ್ತ್ರಚಿಕಿತ್ಸೆಯ ಹೊಸ್ತಿಲಲ್ಲಿ ಅದನ್ನು ಹೊಸದಾಗಿ ಆರಂಭಿಸುವುದು ಸೂಕ್ತವಲ್ಲ. ಮೊದಲಿನಿಂದ ತೆಗೆದುಕೊಳ್ಳುತ್ತಿದ್ದರೆ, ಆ ದಿನ ಹೆಚ್ಚುವರಿ ಸ್ಟೀರಾಯ್ಡ್ ಬೇಕಾಗುತ್ತದೆ.

ಕೊಠಡಿಯೊಳಗೆ ನಮ್ಮ ಎಚ್ಚರ ಸ್ನಾಯು ಸಡಿಲಿಸುವ ಔಷಧಗಳ ಮೇಲೆ. ಗ್ರಾಹಕಗಳು ಕಡಿಮೆಯಿರುವುದರಿಂದ ರೊಕುರೋನಿಯಂನಂತಹ ಔಷಧ ಅಲ್ಪ ಪ್ರಮಾಣದಲ್ಲಿಯೇ ದೀರ್ಘಕಾಲ ಹಿಡಿಯುತ್ತದೆ, ಸಕ್ಸಮೆಥೋನಿಯಂ ಮಾತ್ರ ಎಂದಿಗಿಂತ ಹೆಚ್ಚು ಬೇಕಾಗುತ್ತದೆ. ಸಾಧ್ಯವಾದಲ್ಲಿ ಇವಿಲ್ಲದೆಯೇ ನಡೆಸುತ್ತೇವೆ. ರೊಕುರೋನಿಯಂ ಬಳಸಿದರೆ ಅದನ್ನು ಬಂಧಿಸಿ ನಿಷ್ಕ್ರಿಯಗೊಳಿಸುವ ಸುಗಮ್ಮಡೆಕ್ಸ್ ಕೈಯಲ್ಲಿರಬೇಕು. ಥೊರಾಕೋಸ್ಕೋಪಿಗೆ ಒಂದು ಶ್ವಾಸಕೋಶವನ್ನು ಕುಗ್ಗಿಸಿ ಇನ್ನೊಂದರಲ್ಲಿ ಉಸಿರಾಡಿಸಬೇಕಾಗಬಹುದು. ಅದಕ್ಕಾಗಿ ಬಳಸುವ ಜೋಡಿ ಕೊಳವೆಯ ಅತಿ ಚಿಕ್ಕ ಅಳತೆಯೂ ಸುಮಾರು ಎಂಟು ವರ್ಷಕ್ಕಿಂತ ಕಿರಿಯ ಮಕ್ಕಳ ಶ್ವಾಸನಾಳಕ್ಕೆ ದೊಡ್ಡದಾಗುವುದರಿಂದ, ಅಲ್ಲಿ ಬೇರೆ ಉಪಾಯಗಳನ್ನು ಅನುಸರಿಸುತ್ತೇವೆ. ವೆಂಟಿಲೇಟರ್ ಎಷ್ಟು ಹೊತ್ತು ಬೇಕಾದೀತೆಂದು ಅಂದಾಜಿಸಲು ದೊಡ್ಡವರಿಗಾಗಿ ರೂಪಿಸಿದ ಹಳೆಯ ಅಂಕಪಟ್ಟಿಯೊಂದಿದೆ. ಅದರಲ್ಲಿ ಶ್ವಾಸದ ಸಾಮರ್ಥ್ಯ 2.9 ಲೀಟರಿಗಿಂತ ಕಡಿಮೆಯಿದ್ದರೆ ಅಪಾಯವೆಂದಿದೆ. ಆರೋಗ್ಯವಂತ ಪುಟ್ಟ ಮಗುವೂ ಆ ಪರೀಕ್ಷೆಯಲ್ಲಿ ಅನುತ್ತೀರ್ಣವಾಗುತ್ತದೆ, ಆದರೂ ಕೆಲವರು ಅದನ್ನೇ ಮಕ್ಕಳ ಕಡತದಲ್ಲಿ ತುಂಬಿ ಕಳುಹಿಸುವುದುಂಟು!

ಮುಗಿದ ಮೇಲೆ ಉಸಿರಾಟ ಕುಸಿದರೆ ಅದು ರೋಗದ ಉಲ್ಬಣವೇ, ನೋವಿನಿಂದ ಉಸಿರು ಎಳೆಯದಿರುವುದೇ, ಪಿರಿಡೋಸ್ಟಿಗ್ಮಿನ್ ಅತಿಯಾಗಿ ಜೊಲ್ಲು ಮತ್ತು ಕಫ ತುಂಬಿದ್ದೇ, ವಪೆಯ ನರಕ್ಕೆ ಆದ ಪೆಟ್ಟೇ ಎಂದು ಬೇಗ ಬೇರ್ಪಡಿಸಬೇಕು, ಏಕೆಂದರೆ ನಾಲ್ಕಕ್ಕೂ ಚಿಕಿತ್ಸೆ ಬೇರೆ. ಪೋಷಕರು ನೆನಪಿನಲ್ಲಿಡಬೇಕಾದ ಔಷಧಗಳೂ ಇವೆ: ಜೆಂಟಾಮೈಸಿನ್, ಅಜಿತ್ರೊಮೈಸಿನ್, ಸಿಪ್ರೊಫ್ಲಾಕ್ಸಾಸಿನ್ ಮತ್ತು ರಕ್ತನಾಳದ ಮೂಲಕ ಕೊಡುವ ಮೆಗ್ನೀಸಿಯಂ ಈ ರೋಗದಲ್ಲಿ ನಿಶ್ಶಕ್ತಿಯನ್ನು ಹೆಚ್ಚಿಸಬಲ್ಲವು. ಶಸ್ತ್ರಚಿಕಿತ್ಸೆಯ ನಂತರವೂ ಈ ಎಚ್ಚರ ಮುಂದುವರಿಯಬೇಕು.

ಹದಿಹರೆಯದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಯುವಕ

ಅಮ್ಮಾ, ವೈದ್ಯರು ಹೇಳದ ಒಂದು ಮಾತನ್ನು ನಾನು ಹೇಳುತ್ತೇನೆ. ಮಗಳಿಗೆ ನಿರೀಕ್ಷೆಯನ್ನು ಸರಿಯಾಗಿ ಕಟ್ಟಿಕೊಡಿ. ನನಗೆ ಗ್ರಂಥಿ ತೆಗೆದ ಮೇಲೆ ಮೊದಲ ಹಲವು ತಿಂಗಳು ಯಾವ ವ್ಯತ್ಯಾಸವೂ ಕಾಣಲಿಲ್ಲ. ಇಷ್ಟೆಲ್ಲ ಮಾಡಿಸಿಕೊಂಡರೂ ಸಂಜೆ ರೆಪ್ಪೆ ಜೋಲುತ್ತದಲ್ಲ ಎಂಬ ಬೇಸರದಲ್ಲಿ ಮಾತ್ರೆಗಳ ಮೇಲೆಯೇ ಸಿಟ್ಟು ಬಂದಿತ್ತು. ಬದಲಾವಣೆ ಬಂದದ್ದು ನಿಧಾನವಾಗಿ: ಸ್ಟೀರಾಯ್ಡ್ ಇಳಿಸಿದಾಗ ಈ ಬಾರಿ ನಿಶ್ಶಕ್ತಿ ಮರಳಲಿಲ್ಲ, ಅಷ್ಟೇ. ಈಗ ಸ್ಟೀರಾಯ್ಡ್ ಇಲ್ಲ, ಪಿರಿಡೋಸ್ಟಿಗ್ಮಿನ್ ಅಲ್ಪ ಪ್ರಮಾಣದಲ್ಲಿದೆ. ಜ್ವರ ಬಂದಾಗ ಇಂದಿಗೂ ಒಂದೆರಡು ದಿನ ಎರಡೆರಡಾಗಿ ಕಾಣುತ್ತದೆ. ಪೂರ್ತಿ ವಾಸಿಯಾಯಿತು ಎನ್ನಲಾರೆ. ಬದುಕು ಹಗುರವಾಯಿತು ಎನ್ನಬಲ್ಲೆ.

ಎದೆಯ ಶಸ್ತ್ರಚಿಕಿತ್ಸಕ

ಈ ತಡಕ್ಕೆ ಕಾರಣವಿದೆ. ಗ್ರಂಥಿ ಹೋದರೂ, ಅಲ್ಲಿ ತರಬೇತಾದ ದೀರ್ಘಾಯುಷಿ ಕೋಶಗಳು ಮೂಳೆಮಜ್ಜೆ ಮತ್ತು ದುಗ್ಧಗ್ರಂಥಿಗಳಲ್ಲಿ ನೆಲೆಸಿ ಪ್ರತಿಕಾಯ ತಯಾರಿಸುತ್ತಲೇ ಇರುತ್ತವೆ. ಅವು ಕ್ಷೀಣಿಸಲು ಕಾಲ ಬೇಕು. ಒಂದರಿಂದ ಮೂರು ವರ್ಷಗಳವರೆಗೂ ಸುಧಾರಣೆ ಮುಂದುವರಿಯಬಹುದೆಂದು ನಾವು ಮೊದಲೇ ಹೇಳಿ ಕಳುಹಿಸಬೇಕು. ಕೆಲವರಲ್ಲಿ ಸುಧಾರಣೆ ಬಾರದೆಯೂ ಇರುತ್ತದೆ.

ಒಬ್ಬ ತಾಯಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ಕೃತಜ್ಞತೆಗಳು. ಬರುವ ಭೇಟಿಯಲ್ಲಿ ವಪೆಯ ನರ, ನಿಗಾ ಘಟಕ, ಐವಿಐಜಿಯ ದಿನಾಂಕ ಮತ್ತು ಕೊಡಬಾರದ ಔಷಧಗಳ ಬಗ್ಗೆ ಕೇಳಬೇಕೆಂದು ಬರೆದಿಟ್ಟುಕೊಂಡಿದ್ದೇವೆ. ಇನ್ನೆರಡು ಸಂದೇಹಗಳಿವೆ. ಲಸಿಕೆಗಳನ್ನು ಮೊದಲೇ ಹಾಕಿಸಬೇಕೇ? ಶಸ್ತ್ರಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಪ್ರತಿಕಾಯದ ಮಟ್ಟವನ್ನು ಆಗಾಗ ಪರೀಕ್ಷಿಸಬೇಕೇ?

ಮಕ್ಕಳ ನರರೋಗ ವೈದ್ಯೆ

ವಯಸ್ಸಿಗೆ ತಕ್ಕ ಲಸಿಕೆಗಳಲ್ಲಿ ಬಾಕಿಯಿರುವುದನ್ನು ಮೊದಲೇ ಮುಗಿಸುವುದು ಒಳ್ಳೆಯದು, ಆದರೆ ಹೆಚ್ಚಿನ ಪ್ರಮಾಣದ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವಾಗ ದಡಾರ, ಸೀತಾಳೆ ಸಿಡುಬುಗಳಿಗೆ ಕೊಡುವಂತಹ ಜೀವಂತ ಲಸಿಕೆಗಳನ್ನು ಹಾಕಿಸಬಾರದು. ಐವಿಐಜಿ ಪಡೆದ ಮೇಲೂ ಆ ಲಸಿಕೆಗಳು ಕೆಲವು ತಿಂಗಳು ಸರಿಯಾಗಿ ಹಿಡಿಯುವುದಿಲ್ಲ. ನಿಷ್ಕ್ರಿಯ ಲಸಿಕೆಗಳಿಗೆ ಈ ಅಡ್ಡಿಯಿಲ್ಲ.

ಪ್ರತಿಕಾಯದ ಮಟ್ಟವನ್ನು ಮತ್ತೆ ಮತ್ತೆ ಅಳೆಯುವುದರಿಂದ ಹೆಚ್ಚಿನ ಉಪಯೋಗವಿಲ್ಲ. ಮಟ್ಟ ಬಹಳ ಹೆಚ್ಚಿದ್ದೂ ಕಣ್ಣಿಗಷ್ಟೇ ತೊಂದರೆಯಿರುವವರೂ ಇದ್ದಾರೆ, ಅಲ್ಪ ಮಟ್ಟದಲ್ಲಿ ಉಸಿರಾಟವೇ ಕುಸಿದವರೂ ಇದ್ದಾರೆ. ಶಸ್ತ್ರಚಿಕಿತ್ಸೆಯ ನಂತರ ಚೆನ್ನಾಗಿ ಸುಧಾರಿಸಿದವರ ರಕ್ತದಲ್ಲಿಯೂ ಪ್ರತಿಕಾಯ ಉಳಿದಿರಬಹುದು. ಅದಕ್ಕಿಂತ, ಕೈಯನ್ನು ಎಷ್ಟು ಹೊತ್ತು ಚಾಚಿ ಹಿಡಿಯಬಲ್ಲಳು, ಮೇಲೆ ನೋಡುತ್ತಿದ್ದರೆ ರೆಪ್ಪೆ ಯಾವಾಗ ಜಾರುತ್ತದೆ, ಒಂದು ಉಸಿರಿಗೆ ಎಷ್ಟು ಎಣಿಸುತ್ತಾಳೆ, ಎತ್ತರದ ರೇಖೆ ಮತ್ತೆ ಏರತೊಡಗಿತೇ, ಮತ್ತು ಸ್ಟೀರಾಯ್ಡ್ ಎಷ್ಟಕ್ಕೆ ಇಳಿಯಿತು ಎಂಬುದನ್ನು ಪ್ರತಿ ಭೇಟಿಯಲ್ಲೂ ಒಂದೇ ರೀತಿಯಲ್ಲಿ, ಮಾತ್ರೆ ನುಂಗಿ ಎಷ್ಟು ಹೊತ್ತಾಯಿತು ಎಂಬುದರೊಂದಿಗೆ ದಾಖಲಿಸಿಕೊಳ್ಳಿ.